ಇನ್ನೊಬ್ಬರ ಮಕ್ಕಳ ಹೊಣೆ ಹೊರುವ ಮುನ್ನ

ವಿದೇಶದ ಉದ್ಯೋಗವೆಂದರೆ ಗಲ್ಫ್ ಎಂದೇ ನಮ್ಮ ಪಟ್ಟಣಗಳ ಕುಟುಂಬಗಳು ತಿಳಿದಿದ್ದ ಕಾಲವೊಂದಿತ್ತು. ಮಗ ದುಬೈಯ ಅಂಗಡಿಯಲ್ಲಿದ್ದಾನೋ, ರಿಯಾದಿನಲ್ಲಿ ವಾಹನ ಚಲಾಯಿಸುತ್ತಾನೋ, ದಮ್ಮಾಮಿನ ಕಚೇರಿಯಲ್ಲಿ ಲೆಕ್ಕ ಬರೆಯುತ್ತಾನೋ, ಆ ಕೆಲಸದ ಸ್ವರೂಪವೇನೆಂಬುದು ಊರಿನಲ್ಲಿದ್ದ ತಂದೆ-ತಾಯಿಗೆ ಗೊತ್ತಿರುತ್ತಿತ್ತು. ಕಳೆದ ಕೆಲವು ವರ್ಷಗಳಿಂದ ಬ್ರಿಟನ್ನಿನ ಹೆಸರೂ ಆ ಸಾಲಿಗೆ ಸೇರಿದೆ. ಅದರೊಂದಿಗೆ ‘ಕೇರ್ ವರ್ಕರ್’, ‘ಸಪೋರ್ಟ್ ವರ್ಕರ್’, ‘ಯೂತ್ ಸಪೋರ್ಟ್ ವರ್ಕರ್’ ಎಂಬ ಹೊಸ ಹುದ್ದೆಗಳ ಹೆಸರುಗಳು ಕೇಳಿಬರುತ್ತಿವೆ. ಬಿ.ಎ. ಅಥವಾ ಬಿ.ಕಾಂ. ಮುಗಿಸಿದ ಮಗನೋ ಮಗಳೋ ಬಂದು, ಅಲ್ಲಿ ಹದಿಹರೆಯದ ಮಕ್ಕಳನ್ನು ನೋಡಿಕೊಳ್ಳುವ ಕೆಲಸವಿದೆಯಂತೆ ಎಂದಾಗ ಮನೆಯವರು ವೀಸಾ, ಸಂಬಳ, ಏಜೆಂಟನ ಶುಲ್ಕ ಈ ಮೂರನ್ನು ವಿಚಾರಿಸುತ್ತಾರೆ. ಆ ಮಕ್ಕಳು ಯಾರು, ಅವರಿಗೆ ಏನಾಗಿದೆ, ಅವರ ಜೊತೆ ಬಾಳಲು ನಮ್ಮ ಮಗನಿಗೆ ಏನೇನು ತಿಳಿದಿರಬೇಕು ಎಂದು ವಿಚಾರಿಸುವವರು ವಿರಳ. ಈ ವಾರ ನಾವು ಓದುಗರ ಮುಂದಿಡಬಯಸುವುದು ಕೇಳದೆ ಉಳಿದ ಆ ಪ್ರಶ್ನೆಗಳನ್ನೇ.

ಇಂಗ್ಲೆಂಡಿನಲ್ಲಿ ತಂದೆ-ತಾಯಿಯ ಬಳಿ ಸುರಕ್ಷಿತವಾಗಿ ಇರಲಾರದ ಮಗುವಿನ ಹೊಣೆಯನ್ನು ಆಯಾ ಪ್ರದೇಶದ ಸ್ಥಳೀಯಾಡಳಿತ ವಹಿಸಿಕೊಳ್ಳುತ್ತದೆ. 2024ರ ಮಾರ್ಚ್ 31ರಂದು ಅಂತಹ ಮಕ್ಕಳ ಸಂಖ್ಯೆ 83,630 ಆಗಿತ್ತು. ಅವರಲ್ಲಿ ಹೆಚ್ಚಿನವರು ಪೋಷಕ ಕುಟುಂಬಗಳಲ್ಲಿ ಬೆಳೆಯುತ್ತಾರೆ. ಕುಟುಂಬದಲ್ಲಿ ನೆಲೆ ಕಾಣದವರು, ಅದರಲ್ಲೂ ಹದಿಹರೆಯದವರು, ನಮ್ಮಲ್ಲಿ ಬಾಲಮಂದಿರ ಎನ್ನುವಂತಹ ವಸತಿಗೃಹಗಳಿಗೆ ಬರುತ್ತಾರೆ. ಆದರೆ ಇಲ್ಲಿ ದೊಡ್ಡ ಕಟ್ಟಡವನ್ನೂ ಸಾಲು ಮಂಚಗಳನ್ನೂ ಕಲ್ಪಿಸಿಕೊಳ್ಳಬಾರದು. ಸಾಮಾನ್ಯ ಬೀದಿಯ ಸಾಮಾನ್ಯ ಮನೆಯೊಂದರಲ್ಲಿ ಮೂರು ನಾಲ್ಕು ಮಕ್ಕಳು, ಕೆಲವೊಮ್ಮೆ ಒಂದೇ ಮಗು, ಅವರೊಂದಿಗೆ ಪಾಳಿಯಲ್ಲಿ ದುಡಿಯುವ ಸಿಬ್ಬಂದಿ. ಇಂತಹ ಐದು ಮನೆಗಳಲ್ಲಿ ನಾಲ್ಕಕ್ಕೂ ಹೆಚ್ಚು ಖಾಸಗಿಯವರ ಕೈಯಲ್ಲಿವೆ. ಅವುಗಳನ್ನು ತಪಾಸಣೆ ಮಾಡುವ ಸರಕಾರಿ ಸಂಸ್ಥೆಯ ಹೆಸರು ಆಫ್‌ಸ್ಟೆಡ್.

‘ಯೂತ್ ಸಪೋರ್ಟ್ ವರ್ಕರ್’ ಎಂಬ ಹೆಸರಿಗೆ ಮೂಲದಲ್ಲಿ ಬೇರೆ ಅರ್ಥವಿತ್ತು. ಬಡಾವಣೆಯ ಯುವಕೇಂದ್ರಗಳಲ್ಲಿ, ಆಟದ ಮೈದಾನಗಳಲ್ಲಿ, ರಾತ್ರಿಯ ಬೀದಿಗಳಲ್ಲಿ ಹುಡುಗ-ಹುಡುಗಿಯರೊಂದಿಗೆ ಬೆರೆತು ಅವರನ್ನು ದಾರಿಗೆ ತರುವ ಕಾರ್ಯಕರ್ತರಿಗೆ ಆ ಹೆಸರು. ಅಲ್ಲಿ ಪೂರ್ಣ ವೃತ್ತಿಪರ ಯೂತ್ ವರ್ಕರ್ ಎನಿಸಿಕೊಳ್ಳಲು 2010ರಿಂದ ಮಾನ್ಯತೆ ಪಡೆದ ಪದವಿ ಬೇಕು. ಅದಕ್ಕಿಂತ ಕೆಳಗಿನ ಅರ್ಹತೆಯವರು ಸಪೋರ್ಟ್ ವರ್ಕರ್. 2010ರ ಬಳಿಕ ಸ್ಥಳೀಯಾಡಳಿತಗಳು ಯುವಜನ ಸೇವೆಗೆ ಮಾಡುತ್ತಿದ್ದ ಖರ್ಚು ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಕುಸಿದು ಯುವಕೇಂದ್ರಗಳು ಒಂದೊಂದಾಗಿ ಮುಚ್ಚಿದವು. ಇತ್ತ ಬಾಲಮಂದಿರಗಳ ಸಿಬ್ಬಂದಿಗೂ ಇದೇ ಹೆಸರು ಬಳಕೆಗೆ ಬಂತು. ಒಂದೇ ಹೆಸರಿನಡಿ ಎರಡು ಬೇರೆ ಕೆಲಸಗಳಿವೆ ಎಂಬುದನ್ನು ಅರ್ಜಿ ಹಾಕುವವನು ಮೊದಲು ಅರಿತಿರಬೇಕು.

ಬಾಲಮಂದಿರದ ಕೆಲಸವೆಂದರೇನು? ಬೆಳಿಗ್ಗೆ ಏಳಲೊಲ್ಲದ ಹದಿನಾಲ್ಕರ ಹುಡುಗನನ್ನು ಎಬ್ಬಿಸಿ ಶಾಲೆಗೆ ಹೊರಡಿಸುವುದು. ಅಡುಗೆ ಮಾಡುವುದು, ಜೊತೆಗೆ ಕುಳಿತು ಉಣ್ಣುವುದು. ವೈದ್ಯರ ಬಳಿಗೆ, ನ್ಯಾಯಾಲಯಕ್ಕೆ, ತಾಯಿಯ ಭೇಟಿಗೆ ಕರೆದೊಯ್ಯುವುದು. ಭೇಟಿಗೆ ಬರುತ್ತೇನೆಂದ ತಾಯಿ ಬಾರದೆ ಹೋದ ಸಂಜೆ ಆ ಹುಡುಗ ಬಾಗಿಲು ಒಡೆದರೆ, ಬೈದರೆ, ಕೈಯೆತ್ತಿದರೆ ಮರಳಿ ಕೈಯೆತ್ತದೆ ಅವನ ಬಳಿಯೇ ಉಳಿಯುವುದು. ಮಧ್ಯರಾತ್ರಿ ಹುಡುಗಿಯೊಬ್ಬಳು ಕಾಣೆಯಾದರೆ ಪೊಲೀಸರಿಗೆ ತಿಳಿಸಿ, ಅವಳು ಬರುವವರೆಗೆ ಎಚ್ಚರವಿರುವುದು. ಇವೆಲ್ಲದರ ಕೊನೆಗೆ ನಡೆದುದನ್ನು ನಡೆದ ಹಾಗೆಯೇ ಬರೆದಿಡುವುದು. ಈ ಬರವಣಿಗೆ ನ್ಯಾಯಾಲಯಕ್ಕೆ ಹೋಗಬಹುದು. ದೊಡ್ಡವನಾದ ಮೇಲೆ ಆ ಮಗುವೇ ಅದನ್ನು ಕೇಳಿ ಪಡೆದು ಓದಬಹುದು. ತನ್ನ ಬಾಲ್ಯದ ಬಗ್ಗೆ ಅವನಿಗೆ ಸಿಗುವ ದಾಖಲೆ ಬಹುಶಃ ಅದೊಂದೇ. ಆಂಗ್ಲ ಭಾಷೆ ಚೆನ್ನಾಗಿರಬೇಕು ಎನ್ನುವುದು ವೀಸಾ ಪರೀಕ್ಷೆಗಾಗಿ ಮಾತ್ರವಲ್ಲ ಎಂಬುದನ್ನು ಇದರಿಂದ ಊಹಿಸಬಹುದು.

ಇಂತಹ ಕೆಲಸಕ್ಕೆ ಕಾನೂನು ನಿಯಮಗಳನ್ನು ವಿಧಿಸಿರುವುದು ಸಹಜ. ಇಂಗ್ಲೆಂಡಿನ 2015ರ ಬಾಲಮಂದಿರ ನಿಯಮಗಳಂತೆ, ಮಕ್ಕಳ ಆರೈಕೆಯ ಕೆಲಸಕ್ಕೆ ಸೇರಿದವರು ಎರಡು ವರ್ಷದೊಳಗೆ ವಸತಿ ಶಿಶುಪಾಲನೆಯ ಮೂರನೇ ಹಂತದ ಡಿಪ್ಲೊಮಾ ಪಡೆಯಬೇಕು. ಅಪರಾಧ ಹಿನ್ನೆಲೆಯ ಅತ್ಯಂತ ಕಟ್ಟುನಿಟ್ಟಿನ ತಪಾಸಣೆಗೆ ಒಳಗಾಗಬೇಕು. ಹಿಂದಿನ ಉದ್ಯೋಗಗಳ ಪೂರ್ಣ ವಿವರ ಕೊಡಬೇಕು, ನಡುವೆ ಖಾಲಿ ಉಳಿದ ಅವಧಿಗಳಿಗೆ ಕಾರಣ ಹೇಳಬೇಕು. ಏಜೆಂಟನ ಮಾತು ಕೇಳಿ ಅನುಭವದ ಸುಳ್ಳು ಪತ್ರ ಮಾಡಿಸಿಕೊಂಡವನು ಒಂದು ಕಚೇರಿಯನ್ನು ವಂಚಿಸಿದೆನೆಂದುಕೊಳ್ಳುತ್ತಾನೆ. ಆದರೆ ಅವನ ಅನನುಭವದ ಬೆಲೆಯನ್ನು ತೆರುವುದು, ಈಗಾಗಲೇ ಹಲವರಿಂದ ವಂಚನೆಗೊಳಗಾದ ಒಂದು ಮಗು. ಮಗು ಒಂದು ಅಮಾನತ್ತು ಎಂಬ ಮಾತನ್ನು ಬಾಲ್ಯದಿಂದ ಕೇಳಿಕೊಂಡು ಬಂದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಧರ್ಮದ ವಿಷಯವನ್ನೂ ಇಲ್ಲಿಯೇ ಹೇಳುವುದು ಒಳಿತು. ತನ್ನ ಆರೈಕೆಯಲ್ಲಿರುವ ಮಗುವಿನ ಧರ್ಮ, ಜನಾಂಗ, ಸಂಸ್ಕೃತಿ ಮತ್ತು ಭಾಷೆಯ ಹಿನ್ನೆಲೆಯನ್ನು ಸ್ಥಳೀಯಾಡಳಿತ ಸೂಕ್ತವಾಗಿ ಪರಿಗಣಿಸಬೇಕೆಂದು ಅಲ್ಲಿನ 1989ರ ಮಕ್ಕಳ ಕಾಯ್ದೆ ಹೇಳುತ್ತದೆ. ಮುಸ್ಲಿಮ್ ಮಗುವಿಗೆ ಹಲಾಲ್ ಆಹಾರವೂ ನಮಾಝಿನ ಅವಕಾಶವೂ ಸಿಗಬೇಕೆಂದು ನಾವು ಬಯಸುವುದು ಈ ಕಾನೂನಿನ ಬಲದಿಂದಲೇ. ಅದೇ ಕಾನೂನಿನ ಬಲದಿಂದ ಕ್ರೈಸ್ತ ಮಗುವನ್ನು ಅದರ ಇಚ್ಛೆಯಂತೆ ಚರ್ಚಿಗೆ ಕರೆದೊಯ್ಯುವ ಹೊಣೆಯೂ ಮುಸ್ಲಿಮ್ ಸಿಬ್ಬಂದಿಯ ಮೇಲೆ ಬೀಳಬಹುದು. ಯಾವ ಧರ್ಮವನ್ನೂ ಬೇಡವೆನ್ನುವ ಮಗುವಿಗೆ ಉಪದೇಶ ಮಾಡುವ ಅಧಿಕಾರ ಅವನಿಗಿಲ್ಲ. ಆ ಮನೆಯ ಅಡುಗೆಕೋಣೆಯಲ್ಲಿ ತಾನು ಮುಟ್ಟಬಯಸದ ಆಹಾರ ಇರುತ್ತದೆಯೇ, ಇದ್ದರೆ ತನ್ನ ಪಾಲಿನ ಕೆಲಸವೇನು ಎಂಬುದನ್ನು ಸಂದರ್ಶನದಲ್ಲಿಯೇ ಮರ್ಯಾದೆಯಿಂದ ಕೇಳಿ ತಿಳಿಯಬೇಕು. ಕೆಲಸಕ್ಕೆ ಸೇರಿದ ಮೇಲೆ ಹಸಿದ ಮಗುವಿನ ಮುಂದೆ ಎತ್ತುವ ತಕರಾರು ಅದಾಗಬಾರದು.

ಇನ್ನು ವೀಸಾದ ಕಥೆ. ವೃದ್ಧರ ಮತ್ತು ಅಂಗವಿಕಲರ ಆರೈಕೆಗೆ ಜನ ಸಾಲದೆ ಹೋದಾಗ ಬ್ರಿಟನ್ 2022ರ ಫೆಬ್ರವರಿ 15ರಿಂದ ಕೇರ್ ವರ್ಕರ್ ಹುದ್ದೆಯನ್ನು ಆರೋಗ್ಯ ಮತ್ತು ಆರೈಕೆ ವೀಸಾದ ಪಟ್ಟಿಗೆ ಸೇರಿಸಿತು. ಕೇರಳದಿಂದ, ಪಂಜಾಬಿನಿಂದ, ಆಫ್ರಿಕಾದ ದೇಶಗಳಿಂದ ಜನ ಹೊರಟರು. ಎರಡೇ ವರ್ಷಗಳಲ್ಲಿ ನೀತಿ ತಿರುಗಿತು. 2024ರ ಮಾರ್ಚ್ 11ರಿಂದ ಈ ಹುದ್ದೆಗೆ ಬರುವವರು ಪತ್ನಿ, ಪತಿ, ಮಕ್ಕಳನ್ನು ಕರೆತರುವಂತಿಲ್ಲವೆಂದು ಆದೇಶವಾಯಿತು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸ ಕೇರ್ ವರ್ಕರ್‌ಗಳನ್ನು ನೇಮಿಸಿಕೊಳ್ಳುವುದನ್ನೇ ನಿಲ್ಲಿಸಲಾಯಿತು. ಅದೇ ದಿನದಿಂದ ಪದವಿ ಮಟ್ಟಕ್ಕಿಂತ ಕೆಳಗಿನವೆಂದು ಗಣಿಸಲಾದ ಬಹುತೇಕ ಕೆಲಸಗಳು ಉದ್ಯೋಗ ವೀಸಾದ ವ್ಯಾಪ್ತಿಯಿಂದ ಹೊರಬಿದ್ದವು. ಆಗಲೇ ಆ ದೇಶದೊಳಗೆ ಇರುವವರಿಗೆ 2028ರ ಜುಲೈವರೆಗೆ ಷರತ್ತುಗಳೊಂದಿಗೆ ಸೀಮಿತ ಅವಕಾಶವಿದೆಯೇ ಹೊರತು ಊರಿನಿಂದ ನೇರವಾಗಿ ಹೊರಡುವವರಿಗೆ ಆ ದಾರಿ ಇಲ್ಲ. ಇಂದು ನಿಮ್ಮ ಮನೆಗೆ ಬಂದು, ಕೇರ್ ವೀಸಾದಲ್ಲಿ ಬಾಲಮಂದಿರದ ಕೆಲಸ ಕೊಡಿಸುತ್ತೇನೆನ್ನುವ ಏಜೆಂಟನು ಮುಚ್ಚಿದ ಬಾಗಿಲಿನ ಕೀಲಿಕೈಯನ್ನು ಮಾರುತ್ತಿದ್ದಾನೆ.

ಬಾಗಿಲು ತೆರೆದಿದ್ದ ಕಾಲದಲ್ಲಿ ನಡೆದುದು ಇನ್ನೂ ನೋವಿನ ಸಂಗತಿ. ಉದ್ಯೋಗದಾತನು ಸರಕಾರದಿಂದ ಪಡೆಯುವ ಪ್ರಾಯೋಜಕತ್ವದ ದಾಖಲೆಗೆ 2025ರ ಏಪ್ರಿಲ್‌ವರೆಗೆ ಇದ್ದ ಶುಲ್ಕ ಕೇವಲ 239 ಪೌಂಡ್. ಅದನ್ನೇ ಮಧ್ಯವರ್ತಿಗಳು ಲಕ್ಷಾಂತರ ರೂಪಾಯಿಗೆ ಮಾರಿದರು. ಕೆಲಸ ಹುಡುಕಿಕೊಟ್ಟದ್ದಕ್ಕೆ ಕೆಲಸಗಾರನಿಂದ ಹಣ ಪಡೆಯುವುದನ್ನು ಬ್ರಿಟನ್ನಿನ 1973ರ ಉದ್ಯೋಗ ಸಂಸ್ಥೆಗಳ ಕಾಯ್ದೆಯೇ ನಿಷೇಧಿಸಿದೆ. ಆದರೂ ಜಮೀನು ಅಡವಿಟ್ಟು, ಒಡವೆ ಮಾರಿ ಹೋದವರಲ್ಲಿ ಹಲವರಿಗೆ ಅಲ್ಲಿ ತಲುಪಿದಾಗ ಕಂಪನಿ ಇತ್ತು, ಕೆಲಸ ಇರಲಿಲ್ಲ. 2022ರ ಜುಲೈಯಿಂದ 2024ರ ಡಿಸೆಂಬರ್‌ವರೆಗೆ ಆರೈಕೆ ಕ್ಷೇತ್ರದ 470ಕ್ಕೂ ಹೆಚ್ಚು ಉದ್ಯೋಗದಾತರ ಪರವಾನಗಿಯನ್ನು ರದ್ದುಪಡಿಸಿದ್ದಾಗಿ ಬ್ರಿಟಿಷ್ ಸರಕಾರವೇ ಹೇಳಿದೆ. ಆ ಸಂಸ್ಥೆಗಳೊಂದಿಗೆ ಸಂಬಂಧ ಹೊಂದಿದ್ದ ಕೆಲಸಗಾರರು 39 ಸಾವಿರಕ್ಕೂ ಹೆಚ್ಚು. ಪರವಾನಗಿ ರದ್ದಾದಾಗ ಶಿಕ್ಷೆ ಮಾಲಕನಿಗೆ, ಆದರೆ ಸೂರು ಕಳೆದುಕೊಳ್ಳುವವನು ಕೆಲಸಗಾರ. ಹೊಸ ಉದ್ಯೋಗದಾತನನ್ನು ಹುಡುಕಿಕೊಳ್ಳಲು ಸಾಮಾನ್ಯವಾಗಿ ಅವನಿಗೆ ಸಿಗುವುದು 60 ದಿನಗಳು. ಸಾಲದ ಭಯದಿಂದ ಬಾಯಿ ಮುಚ್ಚಿಕೊಂಡಿರುವವನು ಮಕ್ಕಳಿಗೆ ಅನ್ಯಾಯವಾಗುವುದನ್ನು ಕಂಡರೂ ದೂರು ಕೊಡಲಾರ. ಕೆಲಸಗಾರನ ಶೋಷಣೆ ಮಗುವಿನ ಶೋಷಣೆಗೆ ದಾರಿಯಾಗುವುದು ಹೀಗೆ.

ಈಗ ಮಾರುಕಟ್ಟೆಗೆ ಇನ್ನೊಂದು ಸರಕು ಬಂದಿದೆ. ವಿದ್ಯಾರ್ಥಿ ವೀಸಾದಲ್ಲಿ ಹೋಗಿ, ಓದುತ್ತ ಬಾಲಮಂದಿರದಲ್ಲಿ ದುಡಿದು, ಆಮೇಲೆ ಅಲ್ಲಿಯೇ ನೆಲೆಸಬಹುದು ಎಂಬ ಭರವಸೆ ಅದು. ಇದರಲ್ಲಿ ಅರ್ಧ ಸತ್ಯವಿದೆ. ಪದವಿ ಮಟ್ಟದ ವಿದ್ಯಾರ್ಥಿಯು ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಓದು ಮುಗಿದ ಮೇಲೆ ಸಿಗುವ ಗ್ರ್ಯಾಜುಯೇಟ್ ವೀಸಾದಲ್ಲಿ ಬಾಲಮಂದಿರದ ಕೆಲಸವನ್ನೂ ಮಾಡಬಹುದು. ಆದರೆ ಪದವೀಧರರಿಗೆ ಎರಡು ವರ್ಷವಿದ್ದ ಆ ವೀಸಾದ ಅವಧಿ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಎಂದು ನಿಗದಿಯಾಗಿದೆ. ಅದು ಮುಗಿದಾಗ ಮುಂದಿನ ಉದ್ಯೋಗ ವೀಸಾಕ್ಕೆ ಪದವಿ ಮಟ್ಟದ ಹುದ್ದೆ ಬೇಕು. ಬಾಲಮಂದಿರದ ಸಪೋರ್ಟ್ ವರ್ಕರ್ ಕೆಲಸ ಆ ಮಟ್ಟದ್ದಲ್ಲ. 2024ರ ಜನವರಿಯಿಂದ ಸಾಮಾನ್ಯ ಸ್ನಾತಕೋತ್ತರ ಕೋರ್ಸುಗಳಿಗೆ ಹೋಗುವವರು ಕುಟುಂಬವನ್ನು ಕರೆದೊಯ್ಯುವಂತೆಯೂ ಇಲ್ಲ. ಅರ್ಧ ಸತ್ಯವನ್ನು ಹೇಳಿ ಉಳಿದರ್ಧವನ್ನು ಮುಚ್ಚಿಟ್ಟು ಮಾಡುವ ವ್ಯಾಪಾರವನ್ನು ವಂಚನೆಯೆನ್ನದೆ ಬೇರೇನೆನ್ನಬೇಕು?

ಸಂಬಳದ ಲೆಕ್ಕವನ್ನೂ ಬಿಡಿಸಿ ನೋಡಬೇಕು. ಬಾಲಮಂದಿರಗಳಲ್ಲಿ ಸಿಬ್ಬಂದಿ ರಾತ್ರಿ ಅಲ್ಲಿಯೇ ಮಲಗುವ ಪದ್ಧತಿಯಿದೆ. ಕರೆದರೆ ಏಳಬೇಕು, ಕರೆಯದಿದ್ದರೆ ನಿದ್ರಿಸಬಹುದು. ಹೀಗೆ ಮಲಗಿರುವ ಗಂಟೆಗಳಿಗೆ ಕನಿಷ್ಠ ವೇತನ ಅನ್ವಯಿಸದು, ಎಚ್ಚರವಿದ್ದು ದುಡಿದ ಹೊತ್ತಿಗೆ ಮಾತ್ರ ಅದು ಅನ್ವಯಿಸುತ್ತದೆ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಮಾರ್ಚ್‌ನಲ್ಲಿ ತೀರ್ಪಿತ್ತಿದೆ. ಆದ್ದರಿಂದ ಆ ರಾತ್ರಿಗಳಿಗೆ ಒಂದು ನಿಗದಿತ ಮೊತ್ತವನ್ನಷ್ಟೇ ಕೊಡುವುದು ರೂಢಿ. ಏಜೆಂಟನು ತಿಂಗಳ ಗಂಟೆಗಳನ್ನು ಗಂಟೆಯ ದರದಿಂದ ಗುಣಿಸಿ ತೋರಿಸುವ ಮೊತ್ತದಲ್ಲಿ ಈ ರಾತ್ರಿಗಳೂ ಸೇರಿರಬಹುದು. ಅದರಿಂದ ತೆರಿಗೆ, ಬಾಡಿಗೆ, ಪ್ರಯಾಣದ ಖರ್ಚುಗಳನ್ನು ಕಳೆದ ಮೇಲೆ ಉಳಿಯುವುದೆಷ್ಟು? ಮಗಳನ್ನು ಕಳುಹಿಸುವ ಮನೆಯವರು ಇನ್ನೊಂದನ್ನೂ ಕೇಳಬೇಕು: ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವರೋ, ಇಬ್ಬರಿರುವರೋ? ತೊಂದರೆಯಾದರೆ ಕರೆಯಲು ಯಾರಿದ್ದಾರೆ? ಹಾಗೆಂದು ಅಲ್ಲಿನ ಹದಿಹರೆಯದವರೆಲ್ಲ ದುಷ್ಟರೆಂದು ಯಾರೂ ಭಾವಿಸಬಾರದು. ಅವರು ಗಾಯಗೊಂಡವರು, ಅಷ್ಟೆ.

ಇಷ್ಟೆಲ್ಲ ಹೇಳಿದ್ದು ಈ ವೃತ್ತಿಯಿಂದ ಯಾರನ್ನೂ ಹಿಮ್ಮೆಟ್ಟಿಸಲಿಕ್ಕಲ್ಲ. ಇದೊಂದು ಘನವಾದ ಕೆಲಸ. ಅದರ ಘನತೆ ಎಲ್ಲಿದೆ ಎಂಬುದನ್ನು ತಿಳಿಯಲು ಇಂಗ್ಲೆಂಡಿನ ರಾದರಮ್ ಪಟ್ಟಣದ ಇತಿಹಾಸವನ್ನು ನೋಡಬೇಕು. 1997ರಿಂದ 2013ರವರೆಗೆ ಅಲ್ಲಿ ಕಡಿಮೆಯೆಂದರೂ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾದರೆಂದು ಪ್ರೊಫೆಸರ್ ಅಲೆಕ್ಸಿಸ್ ಜೇ ಅವರ ವರದಿ 2014ರ ಆಗಸ್ಟ್‌ನಲ್ಲಿ ಹೇಳಿತು. ಇದನ್ನು ಮೊದಲು ಗುರುತಿಸಿ ಎಚ್ಚರಿಸಿದವರು ಯಾರು? ‘ರಿಸ್ಕಿ ಬಿಸಿನೆಸ್’ ಎಂಬ ಪುಟ್ಟ ಯೋಜನೆಯ ಯುವಜನ ಕಾರ್ಯಕರ್ತರು. ಹುಡುಗಿಯರು ನಂಬಿ ಮಾತಾಡಿದ್ದು ಅವರೊಂದಿಗೆ. ಅವರು ಹೇಳಿದ್ದನ್ನು ಮೇಲಿನವರು ವರ್ಷಗಟ್ಟಲೆ ಕಡೆಗಣಿಸಿದರು. ಸಂತ್ರಸ್ತರ ಹೇಳಿಕೆಗಳಂತೆ ಅಪರಾಧಿಗಳಲ್ಲಿ ಹೆಚ್ಚಿನವರು ಏಷ್ಯಾ ಮೂಲದವರಾಗಿದ್ದರು. ಜನಾಂಗದ್ವೇಷದ ಆರೋಪ ಬಂದೀತೆಂಬ ಅಳುಕು ಕೆಲವು ಅಧಿಕಾರಿಗಳಲ್ಲಿತ್ತೆಂಬುದೂ ಆ ವರದಿಯಲ್ಲಿದೆ. ಈ ಅಪರಾಧವನ್ನು ಹಿಡಿದು ಇಡೀ ಸಮುದಾಯವನ್ನು ದೂಷಿಸುವ ರಾಜಕೀಯ ಅಲ್ಲಿ ಇಂದಿಗೂ ನಡೆಯುತ್ತಿದೆ, ಅದು ಅನ್ಯಾಯ. ಆದರೆ ಸಮುದಾಯದ ಮಾನದ ಹೆಸರಿನಲ್ಲಿ ಅದನ್ನು ಮರೆಮಾಚುವುದೂ ಅಷ್ಟೇ ದೊಡ್ಡ ಅನ್ಯಾಯ. ಮಕ್ಕಳ ಜೊತೆ ದುಡಿಯುವವನು ಕಂಡದ್ದನ್ನು ಕಂಡಂತೆ ಬರೆಯಬೇಕು, ಹೇಳಬೇಕಾದವರಿಗೆ ಹೇಳಬೇಕು. ತಪ್ಪಿತಸ್ಥನು ಮಾಲಕನಾಗಿರಲಿ, ಸಹೋದ್ಯೋಗಿಯಾಗಿರಲಿ, ತನ್ನದೇ ಸಮುದಾಯದವನಾಗಿರಲಿ, ಮಗುವಿನ ಪಕ್ಷವನ್ನು ಬಿಡಬಾರದು. ಈ ಎದೆಗಾರಿಕೆ ಇಲ್ಲದವರು ಬೇರೆ ಉದ್ಯೋಗ ನೋಡಿಕೊಳ್ಳುವುದು ಲೇಸು.

ಹಾಗಾದರೆ ನಿಜವಾದ ಒಲವುಳ್ಳವರಿಗೆ ದಾರಿ ಯಾವುದು? ದಾರಿ ಇದೆ, ತುಸು ದೀರ್ಘವಾದದ್ದು. ಸೋಶಿಯಲ್ ವರ್ಕರ್ ಹುದ್ದೆಯನ್ನು ಬ್ರಿಟನ್ ಪದವಿ ಮಟ್ಟದ್ದೆಂದು ಗಣಿಸಿದ್ದು, 2025ರ ಬದಲಾವಣೆಯ ನಂತರವೂ ಅದು ವೀಸಾದ ಪಟ್ಟಿಯಲ್ಲಿ ಉಳಿಯಿತು. ಇಂಗ್ಲೆಂಡಿನಲ್ಲಿ ಆ ಹೆಸರಿನಿಂದ ದುಡಿಯಲು 2019ರ ಡಿಸೆಂಬರಿನಲ್ಲಿ ಕಾರ್ಯಾರಂಭ ಮಾಡಿದ ‘ಸೋಶಿಯಲ್ ವರ್ಕ್ ಇಂಗ್ಲೆಂಡ್’ ಸಂಸ್ಥೆಯಲ್ಲಿ ನೋಂದಣಿಯಾಗಬೇಕು. ಹೊರದೇಶದ ಪದವಿ ಮತ್ತು ಅನುಭವಗಳನ್ನು ಅದು ಪರಿಶೀಲಿಸುತ್ತದೆ. ಸಮಾಜಕಾರ್ಯದ ಶಿಕ್ಷಣಕ್ಕಾಗಿ ನಮ್ಮವರು ದೂರ ಹೋಗಬೇಕಾಗಿಲ್ಲ. ಮಂಗಳೂರಿನ ರೋಶನಿ ನಿಲಯ 1960ರಿಂದ ಅದನ್ನು ಕಲಿಸುತ್ತಿದೆ. ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಎಂ.ಎಸ್.ಡಬ್ಲ್ಯು. ಇದೆ. ವೈದ್ಯಕೀಯ ಅಥವಾ ಇಂಜಿನಿಯರಿಂಗ್ ಸೀಟಿಗಾಗಿ ಸಾಲ ಮಾಡಲು ಹಿಂಜರಿಯದ ನಮ್ಮ ಕುಟುಂಬಗಳು ಸಮಾಜಕಾರ್ಯವೆಂದರೆ ಮೂಗು ಮುರಿಯುತ್ತವೆ. ಅದೇ ಕುಟುಂಬ, ಇಂಗ್ಲೆಂಡಿನಲ್ಲಿ ಅದರ ಕೆಳಹಂತದ ಕೆಲಸಕ್ಕೆ ಏಜೆಂಟನಿಗೆ ಲಕ್ಷಗಳನ್ನು ಸುರಿಯುತ್ತದೆ. ಇದೆಂತಹ ವಿಪರ್ಯಾಸ!

ಪದವಿಯೊಂದೇ ಸಾಲದು, ಅನುಭವ ಬೇಕು. ಅದಕ್ಕೆ ಬೇಕಾದ ಮಕ್ಕಳು ನಮ್ಮ ಜಿಲ್ಲೆಗಳಲ್ಲಿಯೇ ಇದ್ದಾರೆ. 2015ರ ಬಾಲನ್ಯಾಯ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿ ಇರಬೇಕು, ಮಕ್ಕಳನ್ನಿರಿಸಿಕೊಂಡ ಅನಾಥಾಲಯಗಳೂ ಪಾಲನಾ ಸಂಸ್ಥೆಗಳೂ ನೋಂದಣಿಯಾಗಿರಬೇಕು. ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ 21ರವರೆಗೆ ನೆರವು ನೀಡುವ ಅವಕಾಶವೂ ಅದರಲ್ಲಿದೆ. ನಮ್ಮ ಯತೀಮ್‌ಖಾನಾಗಳಲ್ಲಿ ಊಟ, ಬಟ್ಟೆ, ಓದಿಗೆ ದಾನಿಗಳಿದ್ದಾರೆ. ಆದರೆ ರಾತ್ರಿ ಹಾಸಿಗೆಯಲ್ಲಿ ಅಳುವ ಹುಡುಗನ ಬಳಿ ಕುಳಿತು ಕಾರಣ ಕೇಳಲು ತರಬೇತಿ ಪಡೆದ ಎಷ್ಟು ಮಂದಿಯನ್ನು ನಾವು ನೇಮಿಸಿದ್ದೇವೆ? ಅವರಿಗೆ ಎಷ್ಟು ಸಂಬಳ ಕೊಡುತ್ತೇವೆ? ಕಟ್ಟಡಕ್ಕೆ ಸುಲಭವಾಗಿ ಸಿಗುವ ದೇಣಿಗೆ ಕಾರ್ಯಕರ್ತನ ವೇತನಕ್ಕೆ ಸಿಗದಿರುವುದೇಕೆ? ಸಮಾಜಕಾರ್ಯ ಕಲಿತ ನಮ್ಮ ಯುವಕ-ಯುವತಿಯರಿಗೆ ಇಲ್ಲಿ ಗೌರವದ ಸಂಬಳ ಸಿಗುವಂತಾದರೆ ಕೆಲವರಾದರೂ ಇಲ್ಲಿ ಉಳಿದಾರು. ಹೊರಡುವವರು ಕೂಡ ಎರಡು ವರ್ಷ ಇಲ್ಲಿನ ಮಕ್ಕಳ ಜೊತೆ ದುಡಿದು, ನಿಜವಾದ ಅನುಭವಪತ್ರದೊಂದಿಗೆ ಹೊರಟಾರು.

ಕೊನೆಯದಾಗಿ ಮನೆಯ ಹಿರಿಯರಿಗೆ ಒಂದು ಮಾತು. ಏಜೆಂಟನಿಗೆ ಮುಂಗಡ ಕೊಡುವ ಮೊದಲು ಕೆಲವು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ. ನಮ್ಮ ದೇಶದ 1983ರ ವಲಸೆ ಕಾಯ್ದೆಯಡಿ ಅವನು ನೋಂದಾಯಿತನೇ? ಆ ನಿಯಮಗಳಂತೆ ನೋಂದಾಯಿತ ಏಜೆಂಟನ ಸೇವಾಶುಲ್ಕ 30 ಸಾವಿರ ರೂಪಾಯಿ ಮತ್ತು ಜಿ.ಎಸ್.ಟಿ.ಯನ್ನು ಮೀರುವಂತಿಲ್ಲ, ಇವನು ಕೇಳುತ್ತಿರುವುದೆಷ್ಟು? ಉದ್ಯೋಗದಾತನ ಹೆಸರು ಬ್ರಿಟಿಷ್ ಗೃಹ ಇಲಾಖೆ ಪ್ರಕಟಿಸುವ ಪ್ರಾಯೋಜಕರ ಪಟ್ಟಿಯಲ್ಲಿದೆಯೇ? ಆ ಬಾಲಮಂದಿರದ ಬಗ್ಗೆ ಆಫ್‌ಸ್ಟೆಡ್ ವರದಿ ಏನು ಹೇಳಿದೆ? ವೀಸಾ ಯಾವ ಹುದ್ದೆಯ ಹೆಸರಿನಲ್ಲಿದೆ, ಕೆಲಸ ಯಾವುದು, ಇವೆರಡೂ ಒಂದೇ ಆಗಿವೆಯೇ? ಅಲ್ಲಿನ ಸರಕಾರದ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮನೆಯಲ್ಲಿ ನೋಡಬಲ್ಲವರಿಲ್ಲದಿದ್ದರೆ ಜಮಾಅತ್‌ನ ವಿದ್ಯಾವಂತ ಯುವಕರು ಅರ್ಧ ಗಂಟೆ ಬಿಡುವು ಮಾಡಿಕೊಂಡು ನೋಡಿಕೊಡಲಿ. ಮದುವೆ ಸಂಬಂಧವನ್ನು ವಿಚಾರಿಸಲು ನಾಲ್ಕು ಊರು ಸುತ್ತುವ ನಾವು, ಜಮೀನಿನ ಪತ್ರ ಅಡವಿಡುವ ಮುನ್ನ ಇಷ್ಟನ್ನಾದರೂ ವಿಚಾರಿಸಬೇಡವೇ?

ಉತ್ತರಗಳು ತೃಪ್ತಿಕರವಾಗಿದ್ದರೆ ಕೊನೆಯ ಪ್ರಶ್ನೆಯನ್ನು ಮಗನಿಗೋ ಮಗಳಿಗೋ ಕೇಳಿ: ಯಾರದೋ ಮನೆಯಲ್ಲಿ ಬೇಡವಾದ, ಬೈಯುವ, ಓಡಿಹೋಗುವ, ಮರಳಿ ಬಂದು ಬಾಗಿಲಲ್ಲಿ ನಿಲ್ಲುವ ಮಗುವನ್ನು ನೀನು ಪ್ರತಿದಿನವೂ ಬರಮಾಡಿಕೊಳ್ಳಬಲ್ಲೆಯಾ? ಹೌದೆಂದು ಮನಃಪೂರ್ವಕವಾಗಿ ಹೇಳುವವರನ್ನು ಸಂತೋಷದಿಂದ, ದುಆದೊಂದಿಗೆ ಕಳುಹಿಸಿಕೊಡಿ. ತಡವರಿಸುವವರಿಗೆ ದುಡಿಯಲು ಪ್ರಾಮಾಣಿಕವಾದ ಬೇರೆ ನೂರು ಕೆಲಸಗಳಿವೆ.